ಮಾತು ಕೊಡದ ಕೈದಿ: ನೂರ್ ಇನಾಯತ್ ಖಾನ್

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನೂ ಪರಿವಾರವನ್ನೂ ಬ್ರಿಟಿಷರು ವೆಲ್ಲೂರಿನ ಕೋಟೆಗೆ ಸಾಗಿಸಿದರು; 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಬಳಿಕ ಆ ಮನೆತನವನ್ನು ಇನ್ನೂ ದೂರದ ಕಲ್ಕತ್ತೆಗೆ ಅಟ್ಟಿದರು. ಹೀಗೆ ಚದುರಿದ ವಂಶದ ಮೊಮ್ಮಗಳೊಬ್ಬಳನ್ನು ಮೈಸೂರು ದರ್ಬಾರಿನಲ್ಲಿ ಮನ್ನಣೆ ಪಡೆದ ಗಾಯಕ ಮೌಲಾ ಬಕ್ಷ್ ವರಿಸಿದರೆಂಬುದು ಅವರ ಕುಟುಂಬದಲ್ಲಿ ಉಳಿದುಬಂದ ಮಾತು. ಆ ದಂಪತಿಯ ಮಗಳ ಮಗನೇ ಸೂಫಿ ಪಂಥವನ್ನು, ಎಂದರೆ ದೇವರನ್ನು ಪ್ರೇಮದಿಂದ ಅರಸುವ ಇಸ್ಲಾಮಿನ ಅನುಭಾವ ಮಾರ್ಗವನ್ನು, ಪಶ್ಚಿಮಕ್ಕೆ ಒಯ್ದ ಸಂಗೀತಗಾರ ಇನಾಯತ್ ಖಾನ್. ಅವರ ಹಿರಿಯ ಮಗಳು ನೂರುನ್ನಿಸಾ 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್ಸಿನ ಹೊರವಲಯದ ಸ್ಯೂರೆನ್‌ನಲ್ಲಿ ಬೆಳೆದರು. ಆಕೆಯ ಕೆಚ್ಚಿಗೆ ಟಿಪ್ಪುವಿನ ರಕ್ತವೇ ಕಾರಣವೆಂದು ಬರೆಯುವುದು ವಾಡಿಕೆಯಾಗಿದ್ದರೂ ಆ ವಿವರಣೆ ಸಾಲದು. ಮನೆಯಲ್ಲಿ ಇದ್ದದ್ದು ಸಂಗೀತ, ಪ್ರಾರ್ಥನೆ ಮತ್ತು ಅಹಿಂಸೆಯ ಪಾಠ, 1939ರಲ್ಲಿ ಆಕೆ ಪ್ರಕಟಿಸಿದ್ದು ಬುದ್ಧನ ಜಾತಕ ಕಥೆಗಳನ್ನು.

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸಿಗೆ ನುಗ್ಗಿದಾಗ ಇಂಗ್ಲೆಂಡಿಗೆ ಪಾರಾದ ನೂರ್, ವಾಯುಪಡೆಯ ಮಹಿಳಾ ವಿಭಾಗ ಸೇರಿ ನಿಸ್ತಂತು ಸಂದೇಶ ಕಳಿಸುವುದನ್ನು ಕಲಿತರು. ಶತ್ರುವಶದ ದೇಶಗಳಲ್ಲಿ ಬುಡಮೇಲು ಕೃತ್ಯ ನಡೆಸಲು ಬ್ರಿಟನ್ ಕಟ್ಟಿದ್ದ ಎಸ್‌ಒಇ ಎಂಬ ಗುಪ್ತ ಸಂಸ್ಥೆ 1943ರ ಜೂನ್ 16ರ ರಾತ್ರಿ ಆಕೆಯನ್ನು ಸಣ್ಣ ವಿಮಾನದಲ್ಲಿ ಫ್ರಾನ್ಸಿಗೆ ಇಳಿಸಿತು. ಕೆಲವೇ ದಿನಗಳಲ್ಲಿ ಸಂಗಡಿಗರು ಒಬ್ಬೊಬ್ಬರಾಗಿ ಸೆರೆಸಿಕ್ಕರೂ, ಮರಳಿ ಬರುವಂತೆ ಲಂಡನ್ ಕರೆದರೂ, ಆಕೆ ಒಪ್ಪಲಿಲ್ಲ. ಯಂತ್ರವಿದ್ದ ಭಾರದ ಪೆಟ್ಟಿಗೆಯನ್ನು ಹೊತ್ತು, ತರಂಗದ ಜಾಡು ಹಿಡಿಯುವ ಜರ್ಮನ್ ವಾಹನಗಳು ಸಮೀಪಿಸುವ ಮೊದಲೇ ಮನೆಯಿಂದ ಮನೆಗೆ ಜಾಗ ಬದಲಿಸುತ್ತ, ಅಕ್ಟೋಬರ್‌ವರೆಗೆ ಸಂದೇಶ ಕಳಿಸಿದರು.

ಯಾರೋ ಸುಳಿವು ಕೊಟ್ಟದ್ದರಿಂದ ಬಂಧಿತರಾಗಿ ಆವನ್ಯೂ ಫೋಶ್‌ನ 84ನೆಯ ಸಂಖ್ಯೆಯ ಜರ್ಮನ್ ಗೂಢಚಾರ ಕಚೇರಿಗೆ ಬಂದ ದಿನವೇ, ಸ್ನಾನಕ್ಕೆಂದು ಕೇಳಿ ಬಾಗಿಲು ಹಾಕಿಕೊಂಡು, ಕಿಟಕಿಯಿಂದ ಮಾಡಿಗೆ ದಾಟಿದರು; ಜರ್ಮನರು ಆಕೆಯನ್ನು ಹಿಡಿದು ಒಳತಂದರು. ನವೆಂಬರ್ ಕೊನೆಯ ವಾರದಲ್ಲಿ ಜಾನ್ ಸ್ಟಾರ್, ಲಿಯೋನ್ ಫಾಯ್ ಎಂಬ ಇಬ್ಬರು ಕೈದಿಗಳೊಡನೆ ಸೇರಿ, ಗುಟ್ಟಾಗಿ ಸಂಪಾದಿಸಿದ ಸ್ಕ್ರೂಡ್ರೈವರ್‌ನಿಂದ ಬೆಳಕಿಂಡಿಯ ಸರಳುಗಳನ್ನು ಸಡಿಲಿಸಿ ಛಾವಣಿಗೆ ಏರಿದರು. ಅದೇ ಹೊತ್ತಿಗೆ ವಾಯುದಾಳಿಯ ಸೈರನ್ ಕೂಗಿ, ಕಾವಲುಗಾರರು ಕೋಣೆಗಳನ್ನು ತಪಾಸಿಸಿದ್ದರಿಂದ ಮೂವರೂ ಸಿಕ್ಕಿಬಿದ್ದರು. ಮತ್ತೆ ತಪ್ಪಿಸಿಕೊಳ್ಳುವುದಿಲ್ಲವೆಂದು ಮಾತು ಕೊಡಿರೆಂದಾಗ ಸ್ಟಾರ್ ಒಪ್ಪಿದರು, ನೂರ್ ಮತ್ತು ಫಾಯ್ ನಿರಾಕರಿಸಿದರು.

ಆದರೆ ಕಳಿಸಿದ ಸಂದೇಶಗಳ ಪ್ರತಿಯನ್ನು ಆಕೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದು ಜರ್ಮನರ ಕೈಸೇರಿ, ಆಕೆಯ ಹೆಸರಿನಲ್ಲಿ ಅವರೇ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿ, ಹೊಸದಾಗಿ ಇಳಿದ ಗೂಢಚಾರರನ್ನು ಸೆರೆಹಿಡಿದರು. ವೀರಗಾಥೆಗಳು ಈ ಅಂಶವನ್ನು ಹಾರಿಸಿ ಮುಂದೆ ಹೋಗುವುದು ಸರಿಯಲ್ಲ.

ಮಾತು ಕೊಡಲು ನಿರಾಕರಿಸಿದ್ದರ ಬೆಲೆ ದೊಡ್ಡದಾಗಿತ್ತು. 'ರಾತ್ರಿ ಮತ್ತು ಮಂಜು' ಎಂಬ ವರ್ಗಕ್ಕೆ, ಎಂದರೆ ಮನೆಯವರಿಗೂ ಸುದ್ದಿ ತಿಳಿಯದಂತೆ ಕಣ್ಮರೆ ಮಾಡಬೇಕಾದ ಕೈದಿಗಳ ಸಾಲಿಗೆ ಆಕೆಯನ್ನು ಸೇರಿಸಿ, ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯ ಒಂಟಿ ಕೋಣೆಯಲ್ಲಿ ಕೈಕಾಲಿಗೆ ಸಂಕೋಲೆ ತೊಡಿಸಿ ತಿಂಗಳುಗಟ್ಟಲೆ ಇರಿಸಿದರು. 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ ಇನ್ನೂ ಮೂವರು ಮಹಿಳಾ ಗೂಢಚಾರರೊಡನೆ ಆಕೆಯನ್ನು ಕೊಂದರು. ಬ್ರಿಟನ್ 1949ರಲ್ಲಿ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ನೀಡಿತು. ಆಕೆಯ ಎದೆಮಟ್ಟದ ಪ್ರತಿಮೆ 2012ರಿಂದ ಲಂಡನ್ನಿನ ಗಾರ್ಡನ್ ಚೌಕದಲ್ಲಿದೆ.