ಹಸಿರು ಬಿಲ್ಲೆ, ಕರಿಯ ಹರಳು

ಹಸ್ತಪ್ರತಿಗಳಲ್ಲಿ ಪಾಠ ನಿರ್ಣಯಿಸುವ ನಮ್ಮಂಥವರಿಗೆ ಲಿಪಿಕಾರನ ಕೈತಪ್ಪು ಹೊಸದಲ್ಲ. ಭೌತವಿಜ್ಞಾನದ ಚರಿತ್ರೆಯಲ್ಲಿಯೂ ಅಂಥದೊಂದು ಪಾಠಾಂತರವುಂಟು.

1986ರಲ್ಲಿ ಜ್ಯೂರಿಕ್ ಬಳಿಯ ಐ.ಬಿ.ಎಂ. ಪ್ರಯೋಗಾಲಯದ ಬೆಡ್ನಾರ್ಜ್ ಮತ್ತು ಮುಲ್ಲರ್, ತಾಮ್ರದ ಆಕ್ಸೈಡು ಬೆರೆತ ಒಂದು ಪಿಂಗಾಣಿ ಕಡುಶೀತದಲ್ಲಿ ವಿದ್ಯುತ್ತಿಗೆ ಎಳ್ಳಷ್ಟೂ ತಡೆಯೊಡ್ಡದೆಂದು ತೋರಿಸಿದರು. ಮರುವರ್ಷವೇ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅಷ್ಟರಲ್ಲಿ, 1987ರ ಆರಂಭದಲ್ಲಿ, ಅಮೆರಿಕದ ಹ್ಯೂಸ್ಟನ್ನಿನ ಪಾಲ್ ಚು ಮತ್ತು ಅಲಬಾಮಾದ ವು ಅವರ ತಂಡಗಳು ಯಿಟ್ರಿಯಮ್, ಬೇರಿಯಮ್, ತಾಮ್ರಗಳ ಬೆರಕೆಯಿಂದ 93 ಕೆಲ್ವಿನ್‌ನ ಆಸುಪಾಸಿನಲ್ಲೇ ಆ ಗುಣವನ್ನು ಕಂಡಿದ್ದವು. ದ್ರವ ನೈಟ್ರೋಜನ್ ಕುದಿಯುವುದು 77ರಲ್ಲಿ. ಆದುದರಿಂದ ದುಬಾರಿ ಹೀಲಿಯಮ್ಮಿನ ಹಂಗು ತಪ್ಪಿತು. ಅತಿವಾಹಕಕ್ಕೆ ಮಾರುಕಟ್ಟೆಯ ಆಸೆ ಹುಟ್ಟಿತು.

ಚು ಕಳುಹಿಸಿದ ಲೇಖನದಲ್ಲಿ ಯಿಟ್ರಿಯಮ್ಮಿನ ಸಂಕೇತ ‘ವೈ’ ಇರಬೇಕಾದಲ್ಲಿ ‘ವೈಬಿ’, ಎಂದರೆ ಯಿಟರ್ಬಿಯಮ್, ಇತ್ತು. ಬೆರಳಚ್ಚಿನ ತಪ್ಪೆಂದು ಚು ಹೇಳಿದರು. ಗುಟ್ಟು ಸೋರದಿರಲೆಂದು ಬೇಕೆಂದೇ ಮಾಡಿದ್ದೆಂದು ಹಲವರು ಶಂಕಿಸಿದರು. ಅಚ್ಚಿಗೆ ಮುನ್ನ ತಿದ್ದಾಯಿತು. ಸೋಜಿಗವೆಂದರೆ, ಯಿಟರ್ಬಿಯಮ್ ಹಾಕಿದರೂ ಪದಾರ್ಥ ಅತಿವಾಹಕವೇ ಆಗುತ್ತದೆ! ಅಪಪಾಠವೂ ಸರಿಯಾದ ಇಂಥ ನಿದರ್ಶನ ನಮ್ಮ ಓಲೆಗರಿಗಳಲ್ಲಿ ನನಗಿನ್ನೂ ಸಿಕ್ಕಿಲ್ಲ.

ಮಾಡುವ ಕ್ರಮವೇನೋ ಕುಂಬಾರನ ಕೆಲಸದಂತೆಯೇ: ಪುಡಿಗಳನ್ನು ಅರೆದು, 900 ಡಿಗ್ರಿಗೆ ಮೀರಿ ಸುಟ್ಟು, ಬಿಲ್ಲೆ ಒತ್ತಿ, ಆಮ್ಲಜನಕದಲ್ಲಿ ಮತ್ತೆ ಬೇಯಿಸುವುದು. ಆದರೆ ಮೊದಲ ಬಿಲ್ಲೆಗಳು ಹಸಿರು-ಕಪ್ಪು ಕಲಬೆರಕೆ. ಅತಿವಾಹಕ ಗುಣವಿದ್ದುದು ಕಪ್ಪಿನಲ್ಲಿ; ಅದರಲ್ಲಿ ಮೂರು ಲೋಹಗಳ ಪ್ರಮಾಣ 1:2:3. ಇದನ್ನು ಬೇರ್ಪಡಿಸಿ ಗುರುತಿಸಲು ಹಲವು ಪ್ರಯೋಗಾಲಯಗಳು ಒಟ್ಟಿಗೇ ಧಾವಿಸಿದವು. ಬೆಂಗಳೂರಿನ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರೂ 1987ರಲ್ಲೇ ಅದನ್ನು ಗುರುತಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅಮೆರಿಕದ ಅಂದಿನ ಕಾನೂನಿನಲ್ಲಿ ಪೇಟೆಂಟು ಮೊದಲು ಅರ್ಜಿ ಕೊಟ್ಟವರಿಗಲ್ಲ, ಮೊದಲು ಕಂಡುಹಿಡಿದವರಿಗೆ. ಹ್ಯೂಸ್ಟನ್, ಐ.ಬಿ.ಎಂ., ಬೆಲ್ ಪ್ರಯೋಗಾಲಯ, ನೌಕಾದಳದ ಸಂಶೋಧನಾಲಯ, ಈ ನಾಲ್ಕು ಪಕ್ಷಗಳವರ ದಿನಚರಿ ಪುಸ್ತಕಗಳೇ ಸಾಕ್ಷಿಗಳಾದವು. ನನ್ನ ಮನಸ್ಸು ಕಲಬೆರಕೆಯಲ್ಲೇ ಬೆಳಕು ಕಂಡವರ ಕಡೆಗೆ ವಾಲುತ್ತದೆ. ಆದರೆ ಪೇಟೆಂಟು ಕಚೇರಿಯ ಪ್ರಶ್ನೆ ಶುದ್ಧವಾದ ಕರಿಯ ವಸ್ತುವನ್ನು ಕುರಿತದ್ದು. ಗೆಲುವು ಬೆಲ್ ತಂಡದ ಬ್ಯಾಟ್ಲಾಗ್, ಕಾವಾ ಮೊದಲಾದವರದು. ಪೇಟೆಂಟು ಕೈಗೆ ಬಂದದ್ದು 2003ರಲ್ಲಿ, ಹದಿನಾರು ವರ್ಷಗಳ ಬಳಿಕ! ಅಷ್ಟರಲ್ಲಿ ಬೆಲ್ ಪ್ರಯೋಗಾಲಯವೇ ಲೂಸೆಂಟ್ ಕಂಪೆನಿಯ ಪಾಲಾಗಿತ್ತು.

ಚು ಅವರಿಗೆ ಬೇರೊಂದು ಪೇಟೆಂಟು 2006ರಲ್ಲಿ ದೊರೆಯಿತು. ಆಗ ಜಗಳ ಮನೆಯೊಳಕ್ಕೇ ಬಂದಿತು. ಹೋರ್ ಮತ್ತು ಮೆಂಗ್ ಎಂಬ ಸಹೋದ್ಯೋಗಿಗಳು ತಮ್ಮನ್ನೂ ಸಹಶೋಧಕರೆಂದು ಸೇರಿಸಬೇಕೆಂದು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. 1987ರ ಆ ಲೇಖನದ ನೆತ್ತಿಯ ಮೇಲೆ ಇಬ್ಬರ ಹೆಸರೂ ಇದೆ. ಪೇಟೆಂಟಿನಲ್ಲಿರುವುದು ಚು ಅವರದೊಂದೇ.