ಮಕ್ಕಳಾಗದಿದ್ದರೆ ತಪ್ಪು ಯಾರದು?

ನಮ್ಮ ಹುಲಿಕುಂಟೆ ಕಡೆ ಮಕ್ಕಳಾಗಲಿಲ್ಲ ಅಂದ್ರೆ ಇವತ್ತಿಗೂ ಮೊದಲ ಮಾತು ಹೆಂಗಸಿನ ಮೇಲೇ. ನಾಗರಕಲ್ಲು ಸುತ್ತುವವಳೂ ಅವಳೇ! ಪ್ರನಾಳ ಶಿಶುವಿನ ಚರಿತ್ರೆ ಬೇರೆಯದೇ ಹೇಳುತ್ತೆ.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ತಾಯಿಯ ಗರ್ಭನಾಳ ಮುಚ್ಚಿತ್ತು. ಫಲಿಸಿದ್ದು ಸಹಜವಾಗಿ ಬಲಿತ ಒಂದೇ ಅಂಡ. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ದುರ್ಗಾ. ಡಾ. ಸುಭಾಷ್ ಮುಖರ್ಜಿ ಹಾರ್ಮೋನು ಕೊಟ್ಟು ಹಲವು ಅಂಡ ಪಡೆದರು, ಭ್ರೂಣವನ್ನು ಶೈತ್ಯದಲ್ಲಿಟ್ಟು ನಂತರದ ಋತುಚಕ್ರದಲ್ಲಿ ಗರ್ಭಕ್ಕೆ ಸೇರಿಸಿದರು. ಸರ್ಕಾರಿ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರಿಗೆ ಮನ್ನಣೆ ಕೊಟ್ಟವರು ಟಿ.ಸಿ. ಆನಂದಕುಮಾರ್. ದೇಶದ ಮೊದಲನೆಯದೆನಿಸಿದ್ದ 1986ರ ಮುಂಬೈ ಶಿಶುವಿನ ಹಿಂದಿದ್ದ ವಿಜ್ಞಾನಿಯೇ ಅವರು! ಮುಖರ್ಜಿಯವರ ಆ ಎರಡೂ ಉಪಾಯ ಇಂದು ಎಲ್ಲೆಡೆ ಮಾಮೂಲು.

1992ರಲ್ಲಿ ಬ್ರಸೆಲ್ಸ್‌ನವರು ಒಂದೇ ವೀರ್ಯಾಣುವನ್ನು ಅಂಡದೊಳಕ್ಕೆ ಚುಚ್ಚಿ ಗರ್ಭ ನಿಲ್ಲಿಸಿ ತೋರಿಸಿದರು. ‘ಇಕ್ಸಿ’ ಅಂತಾರಲ್ಲ, ಅದು. ಅಂದರೆ ಕೊರತೆ ಗಂಡನದೂ ಇರಬಹುದು, ಅದಕ್ಕೂ ದಾರಿಯಿದೆ.

ದಾರಿಯಿಲ್ಲದ್ದು ವಯಸ್ಸಿಗೆ. ಹೆಂಗಸಿಗೆ 35 ದಾಟಿದ ಮೇಲೆ ಅವಳದೇ ಅಂಡದಿಂದ ಫಲಿಸುವ ಸಾಧ್ಯತೆ ಬೇಗ ಬೇಗ ಇಳಿಯುತ್ತೆ. ಅವಳನ್ನೇ ದೂರುತ್ತಾ ಕಳೆದ ವರ್ಷಗಳನ್ನು ಯಾವ ಡಾಕ್ಟರೂ ವಾಪಸ್ ಕೊಡಲಾರರು. ಹರಕೆ ಬೇಕಾದರೆ ಹೊತ್ತುಕೊಳ್ಳಲಿ... ಆದರೆ ಗಂಡನ ವೀರ್ಯ ಪರೀಕ್ಷೆಯೂ ಮೊದಲೇ ಆಗಲಿ. ಏನಂತೀರಿ?