ತೋಳಿನಿಂದ ತೋಳಿಗೆ: ಮೈಲಿ ಹಾಕಿಸಿದ ದೊಡ್ಡಸ್ವಾಮಿ ಮತ್ತು ಹೆಸರಿಲ್ಲದ ಮಕ್ಕಳು

ಬೇಲೂರು, ಹಳೇಬೀಡು ನೋಡಲು ಬರುವ ವಿದೇಶಿಯರಲ್ಲಿ ಕೆಲವರಿಗೆ ನಮ್ಮೂರ ಮಕ್ಕಳಿಗೆ ಏನಾದರೂ ಮಾಡಬೇಕೆಂಬ ಆಸೆ ಇರುತ್ತದೆ. ಪೆನ್ನು, ಚಾಕಲೇಟು ಹಂಚಿ, ಫೋಟೊ ತೆಗೆಸಿಕೊಂಡು ಹೋಗುವವರೂ ಇದ್ದಾರೆ. ತಪ್ಪೇನಿಲ್ಲ. ಆದರೆ 200 ವರ್ಷಗಳ ಹಿಂದೆ ಇದೇ ಸೀಮೆಗೆ ಬಂದ ಒಬ್ಬ ಪರದೇಶಿ ಮಕ್ಕಳ ವಿಷಯದಲ್ಲಿ ಬೇರೆಯದೇ ಕೆಲಸಕ್ಕೆ ಕೈಹಾಕಿದ್ದ.

ಅವನ ಹೆಸರು ಅಬ್ಬೆ ದುಬುವಾ. ಫ್ರಾನ್ಸಿನ ಪಾದ್ರಿ. ಹುಟ್ಟಿದ್ದು 1765ರಲ್ಲಿ, ಭಾರತಕ್ಕೆ ಬಂದದ್ದು 1792ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದ. ನಮ್ಮವರ ಹಾಗೆ ಬಟ್ಟೆ ತೊಟ್ಟ, ಮಾಂಸ ಬಿಟ್ಟ. ಜನ ‘ದೊಡ್ಡಸ್ವಾಮಿಯವರು’ ಎಂದರು. ಹಾಸನದ ಹತ್ತಿರ ಒಕ್ಕಲುತನದ ಕ್ರೈಸ್ತ ಕುಟುಂಬಗಳಿಗೆ ನೆಲೆ ಮಾಡಿಕೊಟ್ಟವನೂ ಇವನೇ.

ಆ ಕಾಲದಲ್ಲಿ ಸಿಡುಬು ಎಂದರೆ ಮಕ್ಕಳ ಪಾಲಿನ ಯಮ. ಮನೆಯಲ್ಲಿ ಅಮ್ಮ ಎದ್ದಳೆಂದರೆ ಬಾಗಿಲಿಗೆ ಬೇವಿನ ಸೊಪ್ಪು, ಮಾರಮ್ಮನಿಗೆ ಹರಕೆ. ಬದುಕಿದ ಮಕ್ಕಳಲ್ಲೂ ಕೆಲವಕ್ಕೆ ಕಣ್ಣು ಹೋಗುತ್ತಿತ್ತು.

ಇಂಗ್ಲೆಂಡಿನ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಕಂಡುಹಿಡಿದದ್ದು 1796ರಲ್ಲಿ. ಆದರೆ ಅದನ್ನು ದೂರಕ್ಕೆ ಸಾಗಿಸುವುದು ಹೇಗೆ? ಐಸ್ ಪೆಟ್ಟಿಗೆ ಇಲ್ಲ, ಬಿಸಿಲಿಗೆ ರಸ ಕೆಟ್ಟುಹೋಗುತ್ತದೆ. ಹಾಗಾಗಿ ಮಕ್ಕಳ ಮೈಯನ್ನೇ ಸೀಸೆ ಮಾಡಿಕೊಂಡರು. ಒಂದು ಮಗುವಿನ ತೋಳು ಗೀರಿ ಲಸಿಕೆ ಹಾಕುವುದು. ಸುಮಾರು ಎಂಟನೇ ದಿನಕ್ಕೆ ಅಲ್ಲಿ ಗುಳ್ಳೆ ಕೀವುಗಟ್ಟುತ್ತದೆ. ಆ ರಸ ತೆಗೆದು ಇನ್ನೊಂದು ಮಗುವಿಗೆ. ಅಲ್ಲಿಂದ ಮತ್ತೊಂದಕ್ಕೆ. ಎಲ್ಲಾದರೂ ಸರಪಳಿ ತುಂಡಾದರೆ ಮೊದಲಿಂದ ಶುರು ಮಾಡಬೇಕು. ಹೀಗೆ ಬಾಗ್ದಾದ್, ಬಸ್ರಾ ದಾಟಿ 1802ರ ಜೂನ್‌ನಲ್ಲಿ ಮುಂಬಯಿ ಮುಟ್ಟಿತು. ಅಲ್ಲಿ ಅದನ್ನು ಮೊದಲು ಹಾಕಿಸಿಕೊಂಡದ್ದು ಮೂರು ವರ್ಷದ ಹುಡುಗಿ, ಅನ್ನಾ ದುಸ್ತಾಲ್. ಮರುವರ್ಷವೇ ಸ್ಪೇನಿನ ರಾಜ ಅಮೆರಿಕಕ್ಕೆ ಲಸಿಕೆ ಕಳಿಸಿದಾಗ ಹಡಗಿಗೆ ಹತ್ತಿಸಿದ್ದು 22 ಅನಾಥ ಹುಡುಗರನ್ನು.

ಮೈಸೂರು ಸೀಮೆಯಲ್ಲಿ ಜನರನ್ನು ಒಪ್ಪಿಸಿ ಮೈಲಿ ಹಾಕಿಸಲು ಓಡಾಡಿದವರಲ್ಲಿ ದುಬುವಾ ಮುಂದಿದ್ದ. 1803-04ರ ಲೆಕ್ಕದಲ್ಲಿ 25,432 ಜನರ ಸಂಖ್ಯೆ ಸಿಗುತ್ತದೆ. ಒಪ್ಪಿಸುವುದು ಸುಲಭದ ಮಾತಲ್ಲ. ಯಾರದೋ ಮಗುವಿನ ಕೀವು ನಮ್ಮ ಮಗುವಿನ ಮೈಗೆ ಎಂದರೆ ಜಾತಿ, ಮಡಿ ಎಲ್ಲವೂ ಅಡ್ಡ ಬರುತ್ತವೆ. ಅಮ್ಮ ಸಿಟ್ಟಾದರೆ ಎಂಬ ಭಯ ಬೇರೆ. ಕೆಲವೇ ವರ್ಷಗಳಲ್ಲಿ ಮೈಸೂರು ಅರಮನೆಯ ರಾಣಿಯೂ ಹಾಕಿಸಿಕೊಂಡರು. ಥಾಮಸ್ ಹಿಕಿ ಬರೆದ ರಾಣಿಯರ ಚಿತ್ರದಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುವುದು ಅದಕ್ಕೇ ಎಂದು ಇತಿಹಾಸಕಾರರು ಹೇಳುತ್ತಾರೆ. ಅರಮನೆ ಒಪ್ಪಿದರೆ ಊರು ಒಪ್ಪೀತು ಎಂಬ ಲೆಕ್ಕ.

ದುಬುವಾನನ್ನು ದೇವರು ಮಾಡಬೇಕಿಲ್ಲ. ನಮ್ಮ ಆಚಾರ ವಿಚಾರಗಳ ಮೇಲೆ ಅವನು ಬರೆದ ಪುಸ್ತಕದಲ್ಲಿ ನಮ್ಮವರ ಬಗ್ಗೆ ಬಿರುಸು ಮಾತುಗಳು ಬಹಳ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯೇ ದುಡ್ಡು ಕೊಟ್ಟು ಕೊಂಡಿತು. ಲಸಿಕೆಯ ಹಿಂದೆಯೂ ಕಂಪನಿ ಇತ್ತು. ಹಾಗೆಂದು ಕೆಲಸ ಸಣ್ಣದಾಗುವುದಿಲ್ಲ. ನನಗೆ ಕಾಡುವುದು ಬೇರೆ. ಪಾದ್ರಿಯ ಹೆಸರು ಉಳಿಯಿತು, ರಾಣಿಯ ಚಿತ್ರ ಉಳಿಯಿತು. ತೋಳು ಕೊಟ್ಟ ಮಕ್ಕಳದ್ದು ಉಳಿದಿರುವುದು ಒಂದು ಮೊತ್ತ ಮಾತ್ರ. ಎಂಟು ದಿನ ಕಾದು, ಜ್ವರ ತಡೆದು, ಗುಳ್ಳೆ ಚುಚ್ಚಿಸಿಕೊಂಡು ಇನ್ನೊಂದು ಮಗುವಿಗೆ ರಸ ಕೊಟ್ಟವರು ಅವರು. ಸ್ವಯಂಸೇವಕರು ಅನ್ನೋಣವೆಂದರೆ, ಆ ವಯಸ್ಸಿನ ಮಕ್ಕಳನ್ನು ಕೇಳುವವರು ಯಾರು?

ಒಂದು ಮಾತು. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿ ಚರ್ಚನ್ನು ಕಟ್ಟಿಸಿದ್ದು ದುಬುವಾ ಎಂದು ಹೇಳುವವರಿದ್ದಾರೆ. ಆ ಕಟ್ಟಡ 1860ರ ದಶಕದ್ದು. ಅವನು 1823ರಲ್ಲೇ ಫ್ರಾನ್ಸಿಗೆ ಮರಳಿ, 1848ರಲ್ಲಿ ತೀರಿಕೊಂಡಿದ್ದ.

ತೋಳಿನಿಂದ ತೋಳಿಗೆ ದಾಟಿಸುವ ಪದ್ಧತಿ ಮುಂದೆ ನಿಂತು, ಕರುಗಳ ಮೈಯಿಂದ ಲಸಿಕೆ ತೆಗೆಯುವುದು ಬಂತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರಲ್ಲಿ. ಅರಸೀಕೆರೆ ಸಂತೆಯಲ್ಲೋ ಬಸ್ಸಿನಲ್ಲೋ ವಯಸ್ಸಾದವರ ತೋಳು ನೋಡಿ. ಅಗಲವಾದ ಗುಂಡು ಕಲೆ ಕಂಡರೆ ಅದು ಮೈಲಿ ಹಾಕಿಸಿಕೊಂಡ ಗುರುತು.